ಎಸ್‌ಡಿಎಂಸಿ: ಕಲಂ 21ರ ಜೊತೆ ಕಲಂ 22ನ್ನೂ ಓದಿ

ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಓದುವಾಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಂದ ಕೂಡಲೇ ನಾವೆಲ್ಲ ‘ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು’ ಅಂತ ಬಾಯಿಪಾಠ ಒಪ್ಪಿಸುತ್ತೇವೆ. ಸರಿ, ಆದರೆ ಆ ಪೋಷಕರು ಅಲ್ಲಿ ಕೂತು ಏನು ಮಾಡಬಹುದು?

ಹಿನ್ನೆಲೆ ಇಷ್ಟು. ಕರ್ನಾಟಕದಲ್ಲಿ ಈ ಸಮಿತಿಗಳು ಬಂದದ್ದು 2001ರಲ್ಲಿ, ರಾಜಾ ರಾಮಣ್ಣ ಅಧ್ಯಕ್ಷರಾಗಿದ್ದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯನ್ನು ಇಡೀ ದೇಶಕ್ಕೆ ತಂದಿತು. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಇದು ಅನ್ವಯಿಸುವುದಿಲ್ಲ.

ಆ ಕಾಯ್ದೆಯ ಕಲಂ 21ರಲ್ಲಿ ಸಮಿತಿಯ ಕೆಲಸಗಳಿವೆ: ಶಾಲೆ ಹೇಗೆ ನಡೆಯುತ್ತಿದೆ ನೋಡುವುದು, ಬಂದ ಅನುದಾನ ಹೇಗೆ ಖರ್ಚಾಯಿತು ನೋಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು. ಈ ಮೂರನೆಯದನ್ನು ನಾವು ಜಾಸ್ತಿ ಗಮನಿಸುವುದೇ ಇಲ್ಲ. ಕಲಂ 22 ಏನು ಹೇಳುತ್ತದೆ ಗೊತ್ತಾ? ಸಮಿತಿ ಮಾಡಿದ ಆ ಯೋಜನೆಯೇ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಕೊಡುವ ಅನುದಾನಕ್ಕೆ ಆಧಾರ ಆಗಬೇಕು. ಅಂದರೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ, ಗಣಿತಕ್ಕೆ ಮೇಷ್ಟ್ರಿಲ್ಲ, ಸುಗ್ಗಿ ಹೊತ್ತಿಗೆ ಅರ್ಧ ತರಗತಿ ಖಾಲಿ ಅನ್ನೋದನ್ನೆಲ್ಲ ಒಬ್ಬ ತಾಯಿ ಸಭೆಯಲ್ಲಿ ಹೇಳಿದರೆ, ಅದು ಯೋಜನೆಯಲ್ಲಿ ಸೇರಿದರೆ, ಅದು ಬರೀ ದೂರಲ್ಲ, ಕಾನೂನಿನ ಬಲ ಇರುವ ಬೇಡಿಕೆ. ನನಗೆ ಇಡೀ ಅಧ್ಯಾಯದಲ್ಲಿ ತುಂಬ ದೊಡ್ಡದು ಅನಿಸಿದ್ದು ಇದೇ.

ಆದರೆ ಸಭೆ ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋಗುವ ತಾಯಿ ಹೇಗೆ ಬರಬೇಕು? ಬಂದರೆ ಆ ದಿನದ ಕೂಲಿ ಹೋಯಿತು. ಅವರು ಬರದಿದ್ದಾಗ ನಡಾವಳಿ ಪುಸ್ತಕವನ್ನು ಮನೆಗೆ ಕಳಿಸಿ ಸಹಿ ಹಾಕಿಸಿಕೊಂಡರೆ ಲೆಕ್ಕಕ್ಕೆ ಹಾಜರಾತಿ ಸಿಗುತ್ತದೆ, ಯೋಜನೆಯಲ್ಲಿ ಅವರ ಮಾತು ಇರುವುದಿಲ್ಲ. ಇದಕ್ಕೆ ಪೋಷಕರ ನಿರಾಸಕ್ತಿ ಅಂತ ಹೆಸರಿಡುವುದು ತಪ್ಪು. ಸಂಜೆ ಸಭೆ ಕರೆಯಿರಿ, ಖರ್ಚಿನ ಲೆಕ್ಕವನ್ನು ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಓದಿ ಹೇಳಿ. ಓದು ಬಾರದವರೂ ಆಗ ಪ್ರಶ್ನೆ ಕೇಳುತ್ತಾರೆ.

ನಾಳೆ ಮೇಷ್ಟ್ರು, ಟೀಚರ್ ಆಗುವ ನಮಗೆ ಕಲಂ 24 ಕೂಡ ಬೇಕು. ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕೆ, ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ ಅಂತ ಅಲ್ಲಿ ಸ್ಪಷ್ಟವಾಗಿದೆ. ಹಾಗಾಗಿ ‘ನಿಮ್ಮ ಹುಡುಗ ಓದೋದಿಲ್ಲ’ ಅಂತ ಸುಮ್ನೆ ಹೇಳಿ ಕಳಿಸಬೇಡಿ. ಅವನ ನೋಟ್‌ಬುಕ್ ತೆರೆದು, ಎಲ್ಲಿ ತಡವರಿಸುತ್ತಿದ್ದಾನೆ ಅಂತ ತೋರಿಸಿ.