ಗ್ಯಾಂಗ್‌ಸ್ಟಾ ರ‍್ಯಾಪ್ ವಿವಾದ: ಯಾವ ಅಧ್ಯಯನ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ?

ಮಾಧ್ಯಮದ ಪರಿಣಾಮಗಳನ್ನು ಓದುವಾಗ ಗ್ಯಾಂಗ್‌ಸ್ಟಾ ರ‍್ಯಾಪ್‌ನ ಉದಾಹರಣೆ ಬಂದೇ ಬರುತ್ತದೆ. ಇದು ಬೀದಿ ಗುಂಪುಗಳು, ಮಾದಕ ವಸ್ತು, ಪೊಲೀಸರೊಂದಿಗಿನ ಸಂಘರ್ಷಗಳ ಬದುಕನ್ನು ಹೇಳುವ ಅಮೆರಿಕದ ಹಾಡಿನ ಪ್ರಕಾರ; ಇಂಥ ಹಾಡುಗಳು ಕೇಳುಗರನ್ನು ಹಿಂಸೆಗೆ ದೂಡುತ್ತವೆಯೇ ಎಂಬುದೇ ವಿವಾದ. ಪರ ಮತ್ತು ವಿರೋಧದ ವಾದಗಳನ್ನು ಎರಡು ಕಾಲಂಗಳಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದು ಸುಲಭ. ಆದರೆ ಎರಡೂ ಕಾಲಂಗಳಲ್ಲಿ ಉಲ್ಲೇಖವಾಗುವ ಅಧ್ಯಯನಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಅವು ಒಂದೇ ಪ್ರಶ್ನೆಯನ್ನು ಕೇಳಿಕೊಂಡಿಲ್ಲ ಎಂಬುದು ತಿಳಿಯುತ್ತದೆ. ಈ ಟಿಪ್ಪಣಿಯ ಹೆಚ್ಚಿನ ಭಾಗ ಆ ಗೋಜಲನ್ನು ಬಿಡಿಸುವುದಕ್ಕೇ ಮೀಸಲಾಗಿದೆ.

ಹಿನ್ನೆಲೆ

ಫಿಲಡೆಲ್ಫಿಯಾದ ಸ್ಕೂಲಿ ಡಿ 1985ರಲ್ಲಿ ಮತ್ತು ಲಾಸ್ ಏಂಜಲೀಸ್‌ನ ಐಸ್‌-ಟಿ 1986ರಲ್ಲಿ ಹೊರತಂದ ಹಾಡುಗಳಿಂದ ಈ ಪ್ರಕಾರದ ಆರಂಭವನ್ನು ಗುರುತಿಸುತ್ತಾರೆ. ಅದು ದೇಶದ ಚರ್ಚೆಯಾದದ್ದು 1988ರಲ್ಲಿ, ಕಾಂಪ್ಟನ್‌ನ ಎನ್‌.ಡಬ್ಲ್ಯೂ.ಎ. ತಂಡದ ಆಲ್ಬಂ ಬಂದ ಮೇಲೆ. ಆ ಹೊತ್ತಿಗೆ ದಕ್ಷಿಣ ಲಾಸ್ ಏಂಜಲೀಸ್‌ನ ಸುತ್ತಮುತ್ತ ಕಾರ್ಖಾನೆಗಳು ಮುಚ್ಚಿದ್ದವು. ಸೌತ್ ಗೇಟ್‌ನ ಜನರಲ್ ಮೋಟರ್ಸ್ ಘಟಕ 1982ರಲ್ಲೇ ಬಾಗಿಲು ಹಾಕಿತ್ತು. ಸೇದುವ, ಅಗ್ಗದ ಕೊಕೇನ್ ಆದ ಕ್ರ್ಯಾಕ್ ಬೀದಿಗಳಿಗೆ ಬಂದಿತ್ತು. 1986ರ ಕೇಂದ್ರ ಕಾನೂನು 5 ಗ್ರಾಂ ಕ್ರ್ಯಾಕ್‌ಗೂ 500 ಗ್ರಾಂ ಪುಡಿ ಕೊಕೇನ್‌ಗೂ ಒಂದೇ ಐದು ವರ್ಷಗಳ ಕನಿಷ್ಠ ಶಿಕ್ಷೆಯನ್ನು ನಿಗದಿ ಮಾಡಿತ್ತು. 1988ರ ಏಪ್ರಿಲ್‌ನ ಒಂದೇ ವಾರಾಂತ್ಯದಲ್ಲಿ ಪೊಲೀಸರು 'ಆಪರೇಷನ್ ಹ್ಯಾಮರ್' ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಿದ್ದರು. ಹಾಡು ವಾಸ್ತವದ ವರದಿ ಎಂದು ವಾದಿಸುವವರು ಆಧಾರವಾಗಿ ಹಿಡಿಯುವುದು ಈ ಪರಿಸ್ಥಿತಿಯನ್ನೇ.

1989ರ ಆಗಸ್ಟ್‌ನಲ್ಲಿ ಎಫ್‌.ಬಿ.ಐ.ಯ ಸಹಾಯಕ ನಿರ್ದೇಶಕ ಮಿಲ್ಟ್ ಆಲೆರಿಕ್ ಅವರು ತಂಡದ ಆಲ್ಬಂ ಹಂಚುತ್ತಿದ್ದ ಪ್ರಯಾರಿಟಿ ರೆಕಾರ್ಡ್ಸ್ ಕಂಪನಿಗೆ ಪತ್ರ ಬರೆದು, ಪೊಲೀಸರನ್ನು ಕುರಿತ ತಂಡದ ಹಾಡು ಹಿಂಸೆಗೆ ಪ್ರೋತ್ಸಾಹ ನೀಡುತ್ತದೆ ಎಂದು ಆಕ್ಷೇಪಿಸಿದರು. 1988ರಲ್ಲಿ ಕರ್ತವ್ಯದ ವೇಳೆ 78 ಪೊಲೀಸರು ಹತ್ಯೆಯಾದರೆಂಬ ಅಂಕಿಯೂ ಅದರಲ್ಲಿತ್ತು. ಪತ್ರವು ಆ ಅಂಕಿಯನ್ನು ಹಾಡಿನ ಪಕ್ಕದಲ್ಲಿಟ್ಟಿತೇ ಹೊರತು ಎರಡರ ನಡುವಿನ ಸಂಬಂಧವನ್ನು ತೋರಿಸಲಿಲ್ಲ. ಮುಂದೆ ಈ ವಿವಾದದಲ್ಲಿ ಎರಡೂ ಕಡೆಯವರು ಇದೇ ಕ್ರಮವನ್ನು ಅನುಸರಿಸಿದ್ದಾರೆ.

ವಿರೋಧಿಸಿದವರು ಯಾರು?

ಬಿಳಿಯರು ವಿರೋಧಿಸಿದರು, ಕಪ್ಪು ಜನರು ಸಮರ್ಥಿಸಿದರು ಎಂದು ಬರೆದರೆ ಉತ್ತರ ತಪ್ಪಾಗುತ್ತದೆ. 1993ರಲ್ಲಿ ಹಾರ್ಲೆಮ್‌ನ ಪಾದ್ರಿ ಕ್ಯಾಲ್ವಿನ್ ಬಟ್ಸ್ ಇಂಥ ಹಾಡುಗಳ ವಿರುದ್ಧ ಬಹಿರಂಗವಾಗಿ ಪ್ರತಿಭಟಿಸಿದರು. 1994ರಲ್ಲಿ ಸೆನೆಟ್‌ನ ವಿಚಾರಣೆಯನ್ನು ನಡೆಸಿದವರು ಸೆನೆಟರ್ ಕ್ಯಾರಲ್ ಮೋಸ್ಲಿ-ಬ್ರಾನ್. ನಾಗರಿಕ ಹಕ್ಕುಗಳ ಹೋರಾಟದಿಂದ ಬಂದ ಸಿ. ಡೆಲೋರೆಸ್ ಟಕರ್ ಅವರು ರಿಪಬ್ಲಿಕನ್ ಪಕ್ಷದ ವಿಲಿಯಂ ಬೆನೆಟ್ ಜೊತೆ ಸೇರಿ 1995ರಲ್ಲಿ ಟೈಮ್ ವಾರ್ನರ್ ಕಂಪನಿಯ ಮೇಲೆ ಒತ್ತಡ ತಂದರು. ಆ ಕಂಪನಿ ಅದೇ ವರ್ಷ ಇಂಥ ಹಾಡುಗಳನ್ನು ಹೊರತರುತ್ತಿದ್ದ ಇಂಟರ್‌ಸ್ಕೋಪ್‌ನಲ್ಲಿದ್ದ ತನ್ನ ಅರ್ಧ ಪಾಲನ್ನು ಮಾರಿತು. ಬಟ್ಸ್, ಮೋಸ್ಲಿ-ಬ್ರಾನ್, ಟಕರ್ ಮೂವರೂ ಕಪ್ಪು ಸಮುದಾಯದವರು, ಮತ್ತು ಟಕರ್ ಅವರ ಮುಖ್ಯ ತಕರಾರು ಹಾಡುಗಳು ಹೆಣ್ಣನ್ನು ಚಿತ್ರಿಸುವ ರೀತಿಯ ಬಗ್ಗೆ ಇತ್ತು. ಸ್ತ್ರೀವಾದಿ ಚಿಂತಕಿ ಬೆಲ್ ಹುಕ್ಸ್ 1994ರಲ್ಲಿ ಬೇರೆಯದೇ ನಿಲುವನ್ನು ಮಂಡಿಸಿದರು: ಈ ಹಾಡುಗಳ ಸ್ತ್ರೀದ್ವೇಷಕ್ಕೆ ಕ್ಷಮೆಯಿಲ್ಲ, ಆದರೆ ಅದು ಇಡೀ ಅಮೆರಿಕದ ಪುರುಷಪ್ರಧಾನ ವ್ಯವಸ್ಥೆಯ ಮೌಲ್ಯವೇ ಆಗಿರುವಾಗ ಹೊಣೆಯನ್ನು ಕಪ್ಪು ಯುವಕರ ತಲೆಗೆ ಮಾತ್ರ ಕಟ್ಟುವುದು ಸಲ್ಲದು. ನನಗೆ ಈ ಇಡೀ ವಿವಾದದಲ್ಲಿ ಅತ್ಯಂತ ಗಟ್ಟಿಯಾಗಿ ಕಾಣುವ ವಾದ ಇದೇ.

1992ರಲ್ಲಿ ಪೊಲೀಸ್ ಸಂಘಟನೆಗಳ ಬಹಿಷ್ಕಾರದ ಕರೆಯ ನಂತರ ಐಸ್‌-ಟಿ ಹಿಂತೆಗೆದುಕೊಂಡ 'ಕಾಪ್ ಕಿಲ್ಲರ್' ಹಾಡನ್ನು ರ‍್ಯಾಪ್ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದನ್ನು ಹಾಡಿದ್ದು ಅವರ 'ಬಾಡಿ ಕೌಂಟ್' ಎಂಬ ಮೆಟಲ್ (ರಾಕ್ ಸಂಗೀತದ ಒಂದು ಅಬ್ಬರದ ಬಗೆ) ತಂಡ. ಮುಂದಿನ ಪ್ರಯೋಗಕ್ಕೆ ಈ ಸಂಗತಿಯೇ ಒಳ್ಳೆಯ ಪೀಠಿಕೆ.

ಫ್ರೀಡ್ ಪ್ರಯೋಗ: ಇಲ್ಲಿ ನಿಧಾನವಾಗಿ ಓದಬೇಕು

ಮನಃಶಾಸ್ತ್ರಜ್ಞೆ ಕ್ಯಾರಿ ಫ್ರೀಡ್ 1990ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಕಿಂಗ್‌ಸ್ಟನ್ ಟ್ರಯೊ ಎಂಬ ಬಿಳಿಯರ ಜಾನಪದ ತಂಡ 1960ರಲ್ಲಿ ಹಾಡಿದ, ಪೊಲೀಸನೊಬ್ಬನನ್ನು ಗುಂಡಿಟ್ಟು ಕೊಂದವನ ಕುರಿತ ಹಾಡಿನ ಸಾಲುಗಳನ್ನು ಕಾಗದದ ಮೇಲೆ ಬರೆದು ಜನರಿಗೆ ಓದಲು ಕೊಟ್ಟರು. ಕೆಲವರಿಗೆ ಅದು ರ‍್ಯಾಪ್ ಹಾಡು ಎಂದೂ ಇನ್ನು ಕೆಲವರಿಗೆ ಕಂಟ್ರಿ ಹಾಡು (ಹೆಚ್ಚಾಗಿ ಬಿಳಿಯರೊಂದಿಗೆ ಗುರುತಿಸುವ ಗ್ರಾಮೀಣ ಶೈಲಿಯದು) ಎಂದೂ ಹೇಳಲಾಯಿತು. ಸಾಲುಗಳು ಒಂದೇ ಆಗಿದ್ದರೂ, ರ‍್ಯಾಪ್ ಎಂದುಕೊಂಡು ಓದಿದವರಿಗೆ ಅವು ಹೆಚ್ಚು ಆಕ್ಷೇಪಾರ್ಹವಾಗಿಯೂ ಅಪಾಯಕಾರಿಯಾಗಿಯೂ ಕಂಡವು. 2016ರಲ್ಲಿ ಡನ್‌ಬಾರ್, ಕ್ಯೂಬ್ರಿನ್ ಮತ್ತು ಸ್ಕುರಿಚ್ ಇದೇ ಬಗೆಯ ಪ್ರಯೋಗ ನಡೆಸಿದಾಗಲೂ ಹಣೆಪಟ್ಟಿಯ ಪರಿಣಾಮ ಮತ್ತೆ ಕಾಣಿಸಿತು.

'ಆದ್ದರಿಂದ ರ‍್ಯಾಪ್ ನಿರಪಾಯಕಾರಿ' ಎಂಬ ತೀರ್ಮಾನಕ್ಕೆ ಇಲ್ಲಿಂದ ಜಾರಿಬಿಡುವುದು ಬಹಳ ಸುಲಭ. ಪ್ರಯೋಗದಲ್ಲಿ ಏನನ್ನು ಬದಲಿಸಿದರು, ಏನನ್ನು ಅಳೆದರು ಎಂಬುದನ್ನು ಬರೆದುಕೊಂಡರೆ ಜಾರುವುದು ತಪ್ಪುತ್ತದೆ. ಬದಲಿಸಿದ್ದು ಹಣೆಪಟ್ಟಿಯನ್ನು, ಅಳೆದದ್ದು ಹಾಡಿನ ಬಗ್ಗೆ ಓದುಗರ ಅಭಿಪ್ರಾಯವನ್ನು. ಹಾಡು ಯಾರ ನಡವಳಿಕೆಯನ್ನಾದರೂ ಬದಲಿಸಿತೇ ಎಂಬುದನ್ನು ಯಾರೂ ಅಳೆಯಲೇ ಇಲ್ಲ. ಈಗ ನಾಲ್ಕು ಸಾಧ್ಯತೆಗಳನ್ನು ಎದುರಿಗೆ ಇಟ್ಟುಕೊಳ್ಳಿ: (1) ತೀರ್ಪು ಕೊಡುವವರಲ್ಲಿ ಪೂರ್ವಗ್ರಹವಿದೆ, ಹಾಡಿನಿಂದ ಹಾನಿಯಿಲ್ಲ; (2) ಪೂರ್ವಗ್ರಹವಿದೆ, ಹಾನಿಯೂ ಇದೆ; (3) ಪೂರ್ವಗ್ರಹವಿಲ್ಲ, ಹಾನಿಯಿದೆ; (4) ಎರಡೂ ಇಲ್ಲ. ಫ್ರೀಡ್ ಪ್ರಯೋಗವು ಕೊನೆಯ ಎರಡನ್ನು ತಳ್ಳಿಹಾಕುತ್ತದೆ. ಮೊದಲ ಎರಡರಲ್ಲಿ ಯಾವುದು ನಿಜ ಎಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ, ಏಕೆಂದರೆ ಆ ಎರಡೂ ಸನ್ನಿವೇಶಗಳಲ್ಲಿ ಪ್ರಯೋಗದ ಫಲಿತಾಂಶ ಒಂದೇ ಆಗಿರುತ್ತಿತ್ತು.

ಹಾನಿಯ ಪ್ರಶ್ನೆಗೆ ಬೇಕಾದ ಅಧ್ಯಯನವೇ ಬೇರೆ. ಅಲ್ಲಿ ಬದಲಾಗಬೇಕಾದದ್ದು ಹಾಡು, ಅಳೆಯಬೇಕಾದದ್ದು ಕೇಳುಗ. ಅಂಥ ಅಧ್ಯಯನಗಳಿಗೆ ನಾನು ಬಳಸುವ ಸುಲಭದ ದಾರಿ ಒಂದೇ ಪ್ರಶ್ನೆ: ಹಾಡನ್ನು ಹಂಚಿದವರು ಯಾರು? ಯಾರು ಏನನ್ನು ಕೇಳಬೇಕೆಂದು ಸಂಶೋಧಕರೇ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಹಂಚಿದ್ದರೆ ಕಾರಣದ ಬಗ್ಗೆ ಮಾತನಾಡಬಹುದು. ಕೇಳುಗರೇ ಆರಿಸಿಕೊಂಡಿದ್ದರೆ ಸಂಬಂಧವಿದೆ ಎನ್ನಬಹುದು, ಅಷ್ಟೇ.

1995ರಲ್ಲಿ ಜಾನ್ಸನ್, ಜಾಕ್ಸನ್ ಮತ್ತು ಗ್ಯಾಟೊ 11ರಿಂದ 16 ವರ್ಷದ ಕಪ್ಪು ಹುಡುಗರಿಗೆ ಹಿಂಸಾತ್ಮಕ ರ‍್ಯಾಪ್ ವಿಡಿಯೊಗಳನ್ನು ತೋರಿಸಿದಾಗ, ನೋಡಿದವರು ಹಿಂಸೆಯನ್ನು ಹೆಚ್ಚು ಒಪ್ಪಿಕೊಳ್ಳುವ ಮನೋಭಾವ ತೋರಿದರು. ಇಲ್ಲಿ ಹಂಚಿದವರು ಸಂಶೋಧಕರು. ಆದರೆ ಅಳೆದದ್ದು ಆ ಕ್ಷಣದ ಮನೋಭಾವವನ್ನು, ತಿಂಗಳುಗಳ ನಂತರದ ನಡತೆಯನ್ನಲ್ಲ. 2003ರಲ್ಲಿ ವಿನ್‌ಗುಡ್ ಮತ್ತು ಸಂಗಡಿಗರು ಅಲಬಾಮಾದ 522 ಕಪ್ಪು ಹದಿಹರೆಯದ ಹುಡುಗಿಯರನ್ನು 12 ತಿಂಗಳ ಕಾಲ ಗಮನಿಸಿದರು. ರ‍್ಯಾಪ್ ವಿಡಿಯೊಗಳನ್ನು ಹೆಚ್ಚು ನೋಡುತ್ತಿದ್ದವರಲ್ಲಿ ಶಿಕ್ಷಕರ ಮೇಲೆ ಕೈಮಾಡುವ ಸಂಭವ ಮೂರು ಪಟ್ಟು ಇತ್ತು. ಇಲ್ಲಿ ನಡತೆಯನ್ನೂ ಅಳೆದರು, ಕಾಲವೂ ದೀರ್ಘವಾಗಿತ್ತು, ಆದರೆ ವಿಡಿಯೊಗಳನ್ನು ಹುಡುಗಿಯರೇ ಆರಿಸಿಕೊಂಡಿದ್ದರು. ಮೊದಲೇ ಬೇರೆ ಬಗೆಯ ಬದುಕಿನಲ್ಲಿದ್ದವರು ಆ ವಿಡಿಯೊಗಳನ್ನು ಹೆಚ್ಚು ನೋಡಿರುವ ಸಾಧ್ಯತೆ ಉಳಿದೇ ಇರುತ್ತದೆ. ಅದೇ ವರ್ಷ ಆ್ಯಂಡರ್ಸನ್ ತಂಡವು ಹಿಂಸೆಯ ಸಾಹಿತ್ಯವಿರುವ ಹಾಡುಗಳು ದ್ವೇಷದ ಭಾವನೆಯನ್ನು ಹೆಚ್ಚಿಸುತ್ತವೆ ಎಂದು ತೋರಿಸಿತು. ಅವರು ಬಳಸಿದ್ದು ಹೆಚ್ಚಾಗಿ ರಾಕ್ ಹಾಡುಗಳನ್ನು. ಅಂದರೆ ಪರಿಣಾಮವೆಂಬುದು ಇದ್ದರೆ ಅದು ಹಿಂಸೆಯ ಸಾಹಿತ್ಯಕ್ಕೆ ಸೇರಿದ್ದು, ರ‍್ಯಾಪ್‌ಗೆ ಮಾತ್ರ ಅಂಟಿದ್ದಲ್ಲ.

ಅಪರಾಧದ ಅಂಕಿಗಳು

ಸಮರ್ಥಕರ ಅಚ್ಚುಮೆಚ್ಚಿನ ವಾದ ಇದು: ಅಮೆರಿಕದಲ್ಲಿ ಪ್ರತಿ ಲಕ್ಷ ಜನರಿಗೆ ಕೊಲೆಗಳ ಪ್ರಮಾಣ 1991ರಲ್ಲಿ 9.8 ಇದ್ದದ್ದು 2000ದ ಹೊತ್ತಿಗೆ 5.5ಕ್ಕೆ ಇಳಿಯಿತು, ಮತ್ತು ಈ ಪ್ರಕಾರದ ಗಾಯಕರಾದ ಡಾ. ಡ್ರೆ, ಸ್ನೂಪ್ ಡಾಗ್ ಅವರ ಆಲ್ಬಂಗಳು ಭಾರಿ ಸಂಖ್ಯೆಯಲ್ಲಿ ಮಾರಾಟವಾದದ್ದು ಅದೇ ದಶಕದಲ್ಲಿ. ಹಾಡುಗಳಿಂದಲೇ ದೇಶದ ಅಪರಾಧ ಏರುತ್ತದೆ ಎಂಬ ದೊಡ್ಡ ಆರೋಪಕ್ಕೆ ಇದು ಸರಿಯಾದ ಉತ್ತರ. ಹಾಡುಗಳಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬುದಕ್ಕೆ ಇದು ಪುರಾವೆಯಾಗದು, ಏಕೆಂದರೆ ಆ ಇಳಿಕೆಗೆ ಬೇರೆ ಹಲವು ಕಾರಣಗಳಿದ್ದವು.

ನ್ಯಾಯಾಲಯದಲ್ಲಿ

ಫ್ರೀಡ್ ಪ್ರಯೋಗದ ನಿಜವಾದ ತೂಕ ತಿಳಿಯುವುದು ಇಲ್ಲಿ. ನ್ಯೂಜೆರ್ಸಿಯ ಕೊಲೆಯತ್ನದ ಪ್ರಕರಣವೊಂದರಲ್ಲಿ ಆರೋಪಿ ಬರೆದಿದ್ದ ರ‍್ಯಾಪ್ ಸಾಲುಗಳ 13 ಪುಟಗಳನ್ನು ಜ್ಯೂರಿಯ ಮುಂದೆ ಓದಲಾಗಿತ್ತು. ಘಟನೆಗೆ ವರ್ಷಗಳ ಹಿಂದೆ ಬರೆದ ಸಾಲುಗಳೂ ಅವುಗಳಲ್ಲಿದ್ದವು. ಅಪರಾಧದೊಂದಿಗೆ ಬಲವಾದ ನಂಟು ಇಲ್ಲದೆ ಅವುಗಳನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲವೆಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಜ್ಯೂರಿಯಲ್ಲಿ ಕುಳಿತವರು ಫ್ರೀಡ್ ಅವರ ಓದುಗರ ಸ್ಥಾನದಲ್ಲೇ ಇರುತ್ತಾರೆ: ಕೈಯಲ್ಲಿ ಕಾಗದ, ಅದರ ಮೇಲೆ ರ‍್ಯಾಪ್ ಎಂಬ ಹೆಸರು, ಕೇಳಿರುವುದು ಅಭಿಪ್ರಾಯ. ಕ್ಯಾಲಿಫೋರ್ನಿಯಾ 2022ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಇಂಥ ಬರಹವನ್ನು ಸಾಕ್ಷ್ಯವಾಗಿ ಒಪ್ಪುವ ಮುನ್ನ ನ್ಯಾಯಾಧೀಶರು ಅದರಿಂದ ವಿಚಾರಣೆಯೊಳಗೆ ಜನಾಂಗೀಯ ಪೂರ್ವಗ್ರಹ ನುಸುಳುವ ಸಾಧ್ಯತೆಯನ್ನು ತೂಗಿ ನೋಡಬೇಕು. ಅದನ್ನು ತೋರಿಸುವ ಪ್ರಯೋಗಗಳನ್ನು ವಕೀಲರು ಮುಂದಿಟ್ಟರೆ ಅವುಗಳನ್ನೂ ಪರಿಗಣಿಸಬೇಕು.