ಹೂ ಬಿದ್ದ ಕಣ್ಣು: ತೆಗೆಯಬೇಕಾ, ಮುಚ್ಚಿದರೆ ಸಾಕಾ?

ಕರಿಗುಡ್ಡೆ ಬೆಳ್ಳಗಾದರೆ ನಮ್ಮ ಕಡೆ ‘ಕಣ್ಣಿಗೆ ಹೂ ಬಿದ್ದಿದೆ’ ಅನ್ನುತ್ತಾರೆ. ಇಲ್ಲಿ ಬರೆಯುತ್ತಿರುವುದು ನೋಟ ಪೂರ್ತಿ ಹೋದ, ನೋಡಲೂ ವಿಕಾರವಾದ ಕಣ್ಣಿನ ಬಗ್ಗೆ. ಮುಂದೆ ಹೇಳುವ ಯಾವ ಸರ್ಜರಿಯೂ ನೋಟ ತಂದುಕೊಡುವುದಿಲ್ಲ. ರೋಗಿಗೆ ಇದನ್ನು ಮೊದಲ ದಿನವೇ ಹೇಳಬೇಕು. ಒಂದು ಸಲ ಹೇಳಿದರೆ ಸಾಲದು.

ಕಣ್ಣಿನ ವೈದ್ಯಕೀಯ ಓದುವ ನಾವು ಪರೀಕ್ಷೆ ಬರೆಯುವಾಗ ಎಡವುವುದು ಎಲ್ಲಿ ಗೊತ್ತಾ? ಕುರುಡು ಕಣ್ಣು ಅಂದ ಕೂಡಲೇ ಸುಮ್ನೆ ‘ತೆಗೆಯಬೇಕು’ ಅಂತ ಬರೆದುಬಿಡುತ್ತೇವೆ. ನೋವಿದೆಯಾ, ಒಳಗೆ ಗಡ್ಡೆ ಇರಬಹುದಾ ಅಂತ ಮೊದಲು ನೋಡಬೇಕು. ಹೂ ಅಡ್ಡ ಬಂದು ಒಳಗೇನೂ ಕಾಣದಿದ್ದರೆ ಬಿ-ಸ್ಕ್ಯಾನ್ (ಕಣ್ಣಿನ ಒಳಗನ್ನು ತೋರಿಸುವ ಅಲ್ಟ್ರಾಸೌಂಡ್) ಮಾಡಿಸದೆ ಮುಂದೆ ಹೋಗಬೇಡಿ.

ನೋವಿಲ್ಲ, ಗುಡ್ಡೆಯ ಗಾತ್ರವೂ ಸರಿಯಿದೆ, ಬಿಳಿ ಕಲೆಯಷ್ಟೇ ತೊಂದರೆ ಅಂದರೆ ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಸಾಕಾಗಬಹುದು. ಅದು ಒಗ್ಗದಿದ್ದರೆ ಹಚ್ಚೆ. ಹೌದು, ಕೈಗೆ ಹಾಕಿಸಿಕೊಳ್ಳುತ್ತಾರಲ್ಲ, ಅದೇ! ಕೆರಾಟೋಪಿಗ್ಮೆಂಟೇಶನ್ ಅನ್ನುವುದು ಅದರ ದೊಡ್ಡ ಹೆಸರು. ಕಲೆಗೆ ಬಣ್ಣ ಕೊಡುವ ಉಪಾಯವನ್ನು 2ನೇ ಶತಮಾನದಲ್ಲೇ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದ. 1869ರಲ್ಲಿ ಕಣ್ಣಿನ ವೈದ್ಯ ಲೂಯಿ ಫಾನ್ ವೆಕರ್ ಕಪ್ಪು ಶಾಯಿ ಬಳಸಿದ. ಬಣ್ಣ ವರ್ಷ ಕಳೆದಂತೆ ಮಾಸಬಹುದು, ಆಗ ಮತ್ತೆ ಹಾಕಬೇಕು.

ಗುಡ್ಡೆ ಕುಗ್ಗಿದ್ದರೆ ಅದರ ಮೇಲೇ ತೆಳು ಅಕ್ರಿಲಿಕ್ ಚಿಪ್ಪು ಕೂರಿಸುತ್ತಾರೆ. ಕರಿಗುಡ್ಡೆಗೆ ಸ್ಪರ್ಶ ಉಳಿದಿದ್ದರೆ ಅದು ಚುಚ್ಚುತ್ತದೆ. ಆಗ ಗುಂಡರ್ಸನ್ ಫ್ಲ್ಯಾಪ್: ಬಿಳಿಗುಡ್ಡೆಯ ಮೇಲಿನ ಪೊರೆಯನ್ನೇ ಎಳೆದು ಕರಿಗುಡ್ಡೆಗೆ ಹೊದಿಸುವುದು.

ತಡೆಯಲಾರದ ನೋವಿದ್ದು, ಔಷಧಿಗೂ ಬಗ್ಗದಿದ್ದರೆ, ಇಲ್ಲವೇ ಗಡ್ಡೆಯ ಅನುಮಾನವಿದ್ದರೆ ಮಾತ್ರ ತೆಗೆಯುವ ಮಾತು. ಎವಿಸರೇಶನ್‌ನಲ್ಲಿ ಹೊರಗಿನ ಬಿಳಿ ಗೋಡೆ ಉಳಿಸಿ ಒಳಗಿನದನ್ನೆಲ್ಲ ತೆಗೆಯುತ್ತಾರೆ. ಸ್ನಾಯುಗಳು ಗೋಡೆಗೆ ಅಂಟಿಕೊಂಡೇ ಇರುತ್ತವೆ, ಹಾಗಾಗಿ ಕೃತಕ ಕಣ್ಣು ಚೆನ್ನಾಗಿ ಆಡುತ್ತದೆ. ಗಡ್ಡೆಯ ಅನುಮಾನ ಚೂರಿದ್ದರೂ ಇದು ಬೇಡ, ಇಡೀ ಗುಡ್ಡೆ ತೆಗೆಯುವ ಎನ್ಯೂಕ್ಲಿಯೇಶನ್ನೇ ಆಗಬೇಕು.

ಈಗ ಸಣ್ಣ ಲೆಕ್ಕ. ಕಣ್ಣುಗುಡ್ಡೆ ಸುಮಾರು 7 ಮಿ.ಲೀ. ಜಾಗ ಹಿಡಿಯುತ್ತದೆ. ತೆಗೆದ ಜಾಗ ತುಂಬಲು ಒಳಗೆ ಹೂಳುವ 20 ಮಿ.ಮೀ. ಅಗಲದ ಗೋಲಿ ತುಂಬುವುದು 4.2 ಮಿ.ಲೀ. ಮಿಕ್ಕದ್ದು ಅದರ ಮುಂದೆ ಕೂರುವ ಕೃತಕ ಕಣ್ಣಿನ ಪಾಲು. ಗೋಲಿ ಚಿಕ್ಕದಾದರೆ ಕೃತಕ ಕಣ್ಣು ದಪ್ಪವಾಗಬೇಕಾಗುತ್ತದೆ, ಅದರ ಭಾರಕ್ಕೆ ಕೆಳರೆಪ್ಪೆ ಜೋತುಬೀಳುತ್ತದೆ. ಮೇಲ್ರೆಪ್ಪೆಯ ಮೇಲೆ ಗುಳಿಯೂ ಬೀಳುತ್ತದೆ. ಗಾತ್ರಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದು ಅದಕ್ಕೇ.

ಗಾಯ ಮಾಯಲು ಸುಮಾರು 6 ವಾರ ಬಿಡುತ್ತಾರೆ. ಆಮೇಲಿನ ಕೆಲಸ ನನಗೆ ತುಂಬಾ ಇಷ್ಟ. ಕಣ್ಣಿನ ಗುಳಿಯ ಅಚ್ಚು ತೆಗೆದು, ಮೇಣದಲ್ಲಿ ಆಕಾರ ನೋಡಿ, ಅಕ್ರಿಲಿಕ್‌ನಲ್ಲಿ ಎರಕ ಹೊಯ್ಯುತ್ತಾರೆ. ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಇನ್ನೊಂದು ಕಣ್ಣು ನೋಡುತ್ತಾ ಬಣ್ಣ ತುಂಬುತ್ತಾರೆ. ಬಿಳಿಭಾಗದ ರಕ್ತನಾಳಕ್ಕೆ ಕೆಂಪು ದಾರದ ಎಳೆ! ಪಾಪೆಯೊಂದೇ ಕಷ್ಟ, ಬೆಳಕಿಗೆ ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ನಡುವಿನ ಅಳತೆ ಬರೆದು ಬಿಡುತ್ತಾರೆ.

ಕೊನೆಗೆ ಕನ್ನಡಕ ಬರೆದುಕೊಡಲು ಮರೆಯಬೇಡಿ, ಪವರ್ ಸೊನ್ನೆ ಇದ್ದರೂ ಸರಿ. ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಲೆನ್ಸ್ ಉಳಿದಿರುವ ಒಂದು ಕಣ್ಣನ್ನು ಕಾಯುತ್ತದೆ. ಎರಡು ಕಣ್ಣಿನ ಸಣ್ಣಪುಟ್ಟ ವ್ಯತ್ಯಾಸವೂ ಅದರ ಹಿಂದೆ ಅಷ್ಟಾಗಿ ಕಾಣುವುದಿಲ್ಲ.