ಅಳಿಸುವ ಅಧಿಕಾರಕ್ಕಾಗಿ ನಡೆದ ಮುಷ್ಕರ

ಮೈಸೂರಿನ ಹೆಬ್ಬಾಳದಲ್ಲಿರುವ ನಮ್ಮ ಸಣ್ಣ ಕಚೇರಿಯಲ್ಲಿ ಕನ್ನಡ ತಂತ್ರಾಂಶದ ಕೆಲಸ ನಡೆಯುತ್ತದೆ. ತರಬೇತಿಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬರು ಅರ್ಜಿ ನಮೂನೆಯಲ್ಲಿ ಊರಿನ ಹೆಸರಿಗೆ ಅಕ್ಷರಮಿತಿ ಹಾಕಲು ಹೊರಟಾಗ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ‘ಮಂಡ್ಯ’ ಎಂಬ ಪದದ ಉದ್ದವನ್ನು 5 ಎಂದು ತೋರಿಸಿತು. ಮ, ಅನುಸ್ವಾರ, ಡ, ಹಲಂತ, ಯ ಎಂದು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅದಕ್ಕೆ ಐದು ಸಂಕೇತಗಳಿವೆ. ನಾವು ಓದುವುದು ಎರಡೇ ಅಕ್ಷರ. ಪದವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಸಂಕೇತಗಳನ್ನು ಸಾಧ್ಯವಿದ್ದಲ್ಲಿ ಒಂದಾಗಿ ಕೂಡಿಸುವ ಯುನಿಕೋಡ್ ರೂಪಕ್ಕೆ, ತಂದರೆ ಲೆಕ್ಕ ಸರಿಹೋಗುತ್ತದೆ ಎಂದು ಎಐ ಮಾದರಿ ಕೋಡ್ ಸಹಿತ ಉತ್ತರ ಕೊಟ್ಟಿತ್ತು. ಸರಿಹೋಗುವುದಿಲ್ಲ, ಆಮೇಲೂ ಅದು ಐದೇ. ಆ ಉತ್ತರ ಬರೆಯಲು ಯಂತ್ರಕ್ಕೆ ಕೆಲವು ಕ್ಷಣ ಸಾಕಾಗಿತ್ತು, ಅದು ಏಕೆ ತಪ್ಪು ಎಂದು ತೋರಿಸಿಕೊಡಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು.

ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರೋಗ್ರಾಮಿಂಗ್ ಪ್ರಶ್ನೋತ್ತರ ತಾಣದಲ್ಲೂ ಅದರ ಸೋದರ ತಾಣಗಳಲ್ಲೂ ಬರಹಗಳ ಮೇಲೆ ನಿಗಾ ಇಡುವ ಮಾಡರೇಟರ್‌ಗಳು 2023ರ ಜೂನ್ 5ರಂದು ಹೂಡಿದ ಮುಷ್ಕರದ ಬೇರು ಇರುವುದು ಈ ಅಂತರದಲ್ಲಿಯೇ. ಚಾಟ್‌ಜಿಪಿಟಿ ಬಂದ ಕೆಲವೇ ದಿನಗಳಲ್ಲಿ, 2022ರ ಡಿಸೆಂಬರ್‌ನಲ್ಲಿ, ಅದು ಬರೆದ, ನೋಡಲು ಒಪ್ಪವಾಗಿದ್ದು ಒಳಗೆ ತಪ್ಪಾಗಿದ್ದ ಉತ್ತರಗಳು ಪ್ರವಾಹದಂತೆ ಬಂದುದರಿಂದ ಅಲ್ಲಿ ಅವುಗಳನ್ನು ನಿಷೇಧಿಸಲಾಗಿತ್ತು. ನಿಷೇಧವನ್ನು ಜಾರಿಯಲ್ಲಿಟ್ಟವರು ಸಂಬಳವಿಲ್ಲದ ಸ್ವಯಂಸೇವಕರು. 2023ರ ಮೇ ತಿಂಗಳ ಕೊನೆಯಲ್ಲಿ ತಾಣದ ಒಡೆತನದ ಕಂಪನಿಯು, ಎಐ ಬರೆದದ್ದೆಂಬ ಅನುಮಾನದ ಮೇಲೆ ಉತ್ತರ ಅಳಿಸುವುದನ್ನೂ ಬಳಕೆದಾರರನ್ನು ಅಮಾನತುಗೊಳಿಸುವುದನ್ನೂ ಬಹುಮಟ್ಟಿಗೆ ತಡೆಯಿತು. ಮಾಡರೇಟರ್‌ಗಳಿಗೆ ಖಾಸಗಿಯಾಗಿ ಕೊಟ್ಟ ಸೂಚನೆಗೂ ಸಾರ್ವಜನಿಕವಾಗಿ ಪ್ರಕಟಿಸಿದ್ದಕ್ಕೂ ತಾಳೆಯಿಲ್ಲ ಎಂಬುದು ಅವರ ಇನ್ನೊಂದು ದೂರಾಗಿತ್ತು. ಸ್ಪ್ಯಾಮ್ ಹಿಡಿಯುವ ಸ್ವಯಂಚಾಲಿತ ಸಾಧನವನ್ನೂ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ನಿಲ್ಲಿಸಿದರು.

ಇಂತಹ ಅನುಮಾನಕ್ಕೆ ನಿರಪರಾಧಿಗಳೂ ಬಲಿಯಾಗುತ್ತಾರೆ ಎಂಬ ಕಂಪನಿಯ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಎಐ ಪತ್ತೆ ಸಾಧನಗಳು ನಿರಪರಾಧಿಗಳ ಮೇಲೆ ಬೊಟ್ಟು ಮಾಡುತ್ತವೆ ಎಂಬುದು ನಿಜ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕೂ ಹೆಚ್ಚಿನವನ್ನು ಇಂತಹ ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದ್ದನ್ನು ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದ್ದರು. ಶಾಲೆಯಲ್ಲಿ ಕಲಿತ ಅಳತೆಯ ಇಂಗ್ಲಿಷಿನಲ್ಲಿ ಉತ್ತರ ಬರೆಯುವ ನಮ್ಮ ಮಂಡ್ಯ, ಮದ್ದೂರಿನ ಹುಡುಗರಿಗೆ ಈ ಅನ್ಯಾಯ ನೇರವಾಗಿ ತಟ್ಟುವಂಥದ್ದು, ಅದು ನನ್ನನ್ನು ಈಗಲೂ ಕಾಡುತ್ತದೆ. ಆದರೆ ಅನುಭವಿ ಮಾಡರೇಟರ್ ಸಾಧನವೊಂದನ್ನೇ ನಂಬಿ ಕೂರುವವರಲ್ಲ. ಅರ್ಧ ಗಂಟೆಯಲ್ಲಿ ಐದು ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳ ಪ್ರಶ್ನೆಗಳಿಗೆ ಒಬ್ಬರೇ ದೀರ್ಘವಾಗಿ ಉತ್ತರಿಸಿದ್ದು, ಅಸ್ತಿತ್ವದಲ್ಲೇ ಇಲ್ಲದ ಫಂಕ್ಷನ್ ಅನ್ನು ಕರೆದದ್ದು, ಹಳೆಯ ಬರಹಕ್ಕೂ ಹೊಸದಕ್ಕೂ ಶೈಲಿ ಹೊಂದದಿರುವುದು ಇವೆಲ್ಲ ಕಣ್ಣಿಗೆ ಕಾಣುವ ಕುರುಹುಗಳು. ದೋಷವಿದ್ದದ್ದು ಸಾಧನದಲ್ಲಾದರೆ ಸಾಧನವನ್ನು ದೂರವಿಡಬೇಕಿತ್ತು, ಮನುಷ್ಯರ ವಿವೇಚನೆಯನ್ನಲ್ಲ.

ಮಾತುಕತೆಯ ನಂತರ ಆಗಸ್ಟ್‌ನಲ್ಲಿ ಮುಷ್ಕರ ಮುಗಿಯಿತು. ಒಪ್ಪಿತ ಕುರುಹುಗಳ ಆಧಾರದಲ್ಲಿ ಎಐ ಉತ್ತರಗಳನ್ನು ಅಳಿಸುವ ಅವಕಾಶ ಮರಳಿ ಸಿಕ್ಕಿತು. ಒಂದೊಂದು ಉತ್ತರವನ್ನೂ ಕೂತು ಪರೀಕ್ಷಿಸುವ ಭಾರ ಮಾತ್ರ ಅದೇ ಸ್ವಯಂಸೇವಕರ ಮೇಲೆ ಉಳಿಯಿತು. ಹಾಗಾಗಿ ಸಂಶಯದ ಉತ್ತರವೊಂದನ್ನು ವರದಿ ಮಾಡುವಾಗ ನಾನು ‘ಎಐ ಇರಬಹುದು’ ಎಂದಷ್ಟೇ ಬರೆದು ಬಿಡುವುದಿಲ್ಲ. ಕೋಡನ್ನು ಓಡಿಸಿ, ಅದು ಎಲ್ಲಿ ಮುರಿಯುತ್ತದೆ ಎಂಬ ಸಾಲನ್ನೂ ಬಂದ ಫಲಿತಾಂಶವನ್ನೂ ಜೊತೆಗೆ ಸೇರಿಸುತ್ತೇನೆ.